ಎಲ್ಲೂರಿನಿಂದ ಮದರ್‌ಬೋರ್ಡಿನವರೆಗೆ: ಒಂದು ಬೆಳಕಿನ ಸರದ ಕಥೆ

ಅಂಗಡಿಯ ಕಪಾಟು, ಮದುವೆ ಮಂಟಪ, ಗಣಕದ ಪೆಟ್ಟಿಗೆ ಹೀಗೆ ಎಲ್ಲೆಂದರಲ್ಲಿ ಬಣ್ಣಬಣ್ಣದ ಎಲ್‌ಇಡಿ ಪಟ್ಟಿಗಳನ್ನು ನೀವು ನೋಡಿರುತ್ತೀರಿ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ವಿಜ್ಞಾನ ಪ್ರದರ್ಶನಕ್ಕಾಗಿ ಇಂಥ 5 ಮೀಟರ್ ಉದ್ದದ ಪಟ್ಟಿಯನ್ನು ತನ್ನ ಗಣಕದ ಮದರ್‌ಬೋರ್ಡಿನ ಪಿನ್ನುಗಳಿಗೇ ಸಿಕ್ಕಿಸಿದ. ಪಟ್ಟಿ ಬೆಳಗಿತು. ಆದರೆ ಆರಂಭದಲ್ಲಿ ಬಿಳಿಯಾಗಿದ್ದ ಬೆಳಕು ಕೊನೆಗೆ ಹೋಗುತ್ತ ಕೆಂಪಗಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬಂತು. ಮನೆಯವರು ಕಷ್ಟಪಟ್ಟು ಕೊಡಿಸಿದ್ದ ಗಣಕ ಮತ್ತೆ ಚಾಲೂ ಆಗಲಿಲ್ಲ. ಓಮನ ನಿಯಮದ ಪ್ರಶ್ನೆಗೆ ಪೂರ್ಣ ಅಂಕ ಪಡೆದಿದ್ದ ಹುಡುಗ ಅವನು! ಹಾಗಾದರೆ ತಪ್ಪು ಅವನೊಬ್ಬನದೇ ಅಲ್ಲ. ಕಲಿಸಿದ ನನ್ನದೂ ಹೌದು.

ಆ ಪಟ್ಟಿಯಲ್ಲಿ ಎದುರಾದ ಸಮಸ್ಯೆ ಹೊಸದಲ್ಲ. ವಿದ್ಯುತ್ತಿನ ಇತಿಹಾಸದಷ್ಟೇ ಹಳೆಯದು. ಆ ಇತಿಹಾಸವನ್ನು ಸ್ವಲ್ಪ ನೋಡೋಣ.

ದೂರ ಸಾಗದ ಬೆಳಕು

1882ರಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಸ್ಥಾಪಿಸಿದ. ಅಲ್ಲಿಂದ ಹೊರಟದ್ದು ಸುಮಾರು 110 ವೋಲ್ಟ್‌ಗಳ ನೇರ ಪ್ರವಾಹ. ಅದು ಒಂದೆರಡು ಕಿಲೋಮೀಟರ್ ದಾಟುವಷ್ಟರಲ್ಲಿ ಸೊರಗುತ್ತಿತ್ತು. ಕಾರಣ ನಿಮಗೆ ಗೊತ್ತು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಸಾಮರ್ಥ್ಯವೆಂದರೆ ಪ್ರವಾಹದ ವರ್ಗ ಮತ್ತು ರೋಧಗಳ ಗುಣಲಬ್ಧ. ಅಷ್ಟೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಹತ್ತನೇ ಒಂದು ಪಾಲಾಗುತ್ತದೆ, ನಷ್ಟ ನೂರನೇ ಒಂದು ಪಾಲಾಗುತ್ತದೆ.

ಈ ಸೂತ್ರದ ಬಲವನ್ನು ಮೈಸೂರು ಸಂಸ್ಥಾನ ಬೇಗನೆ ಕಂಡುಕೊಂಡಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಯೋಜನೆ 1902ರಲ್ಲಿ ಕೆಲಸ ಆರಂಭಿಸಿತು. ಕಾವೇರಿಯ ವಿದ್ಯುತ್ತು ಹತ್ತಾರು ಸಾವಿರ ವೋಲ್ಟ್‌ಗಳಿಗೆ ಏರಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ಇದೇ ಸೂತ್ರ ಇಂದು ಉಡುಪಿ ಜಿಲ್ಲೆಯ ಎಲ್ಲೂರಿನಲ್ಲೂ ಕೆಲಸ ಮಾಡುತ್ತಿದೆ. ವಿಶ್ವೇಶ್ವರ ದೇವಾಲಯದಿಂದ ಹೆಸರಾಗಿದ್ದ ಈ ಗ್ರಾಮದಲ್ಲಿ 2010 ಮತ್ತು 2012ರ ನಡುವೆ ತಲಾ 600 ಮೆಗಾವಾಟ್‌ನ ಎರಡು ಉಷ್ಣ ವಿದ್ಯುತ್ ಘಟಕಗಳು ಕೆಲಸ ಆರಂಭಿಸಿದವು. ನವಮಂಗಳೂರು ಬಂದರಿನಿಂದ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ವಿದ್ಯುತ್ತು 4 ಲಕ್ಷ ವೋಲ್ಟ್‌ಗಳಲ್ಲಿ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಹೋಗುತ್ತದೆ. ಆ 1200 ಮೆಗಾವಾಟ್‌ಗಳನ್ನು 12 ವೋಲ್ಟ್‌ಗಳಲ್ಲಿ ಕಳಿಸಬೇಕಾಗಿದ್ದರೆ? ಭಾಗಿಸಿ ನೋಡಿ. ಹತ್ತು ಕೋಟಿ ಆಂಪಿಯರ್! ಅದನ್ನು ಹೊರುವ ತಂತಿಯನ್ನು ಯಾವ ಗೋಪುರವೂ ಎತ್ತಿ ಹಿಡಿಯಲಾರದು.

ಸೀರಿಯಲ್ ಸೆಟ್‌ನಿಂದ ಎಲ್‌ಇಡಿಗೆ

ಅಲಂಕಾರದ ದೀಪದ ಸರಕ್ಕೂ ಅಷ್ಟೇ ವಯಸ್ಸು. ಎಡಿಸನ್‌ನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿಯೇ ತನ್ನ ಮನೆಯ ಕ್ರಿಸ್‌ಮಸ್ ಗಿಡಕ್ಕೆ 80 ಪುಟ್ಟ ಬಲ್ಬುಗಳನ್ನು ಜೋಡಿಸಿದ್ದ. ನಮ್ಮ ಜಾತ್ರೆ, ದೀಪಾವಳಿಗಳಿಗೆ ಬಂದ ‘ಸೀರಿಯಲ್ ಸೆಟ್’ ಅದರ ಬಂಧು. 6 ವೋಲ್ಟ್‌ನ ಸುಮಾರು 38 ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ 230 ವೋಲ್ಟ್‌ಗೆ ನೇರವಾಗಿ ಹಾಕಬಹುದು. ಪ್ರವಾಹ ಕಡಿಮೆ, ಸಪೂರ ತಂತಿಯೇ ಸಾಕು. ಆದರೆ ಒಂದು ಬಲ್ಬಿನ ತಂತು ತುಂಡಾದರೆ ಇಡೀ ಸರ ಕತ್ತಲೆ.

ಅರೆವಾಹಕದಿಂದ ಬೆಳಕು ಹೊಮ್ಮುವುದನ್ನು ಹೆನ್ರಿ ರೌಂಡ್ 1907ರಲ್ಲಿ ಗಮನಿಸಿದ್ದ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ತಯಾರಿಸಿದರು. 1990ರ ದಶಕದಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾದ ಮೇಲೆಯೇ ಬಿಳಿ ಬೆಳಕು ಸಾಧ್ಯವಾಯಿತು. ಇದಕ್ಕಾಗಿ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರ ನೊಬೆಲ್ ಬಹುಮಾನ ಬಂತು.

ಎಲ್‌ಇಡಿ ಕಡಿಮೆ ವೋಲ್ಟೇಜಿನ ನೇರ ಪ್ರವಾಹದಲ್ಲಿ ಬೆಳಗುತ್ತದೆ. ಹಾಗಾಗಿ ಎಡಿಸನ್‌ನನ್ನು ಕಾಡಿದ ತೊಂದರೆ ಹಿಂದಿರುಗಿ ಬಂತು. 12 ವೋಲ್ಟ್ ಬ್ಯಾಟರಿಯಿಂದ ಮನೆಗೆ ಸೌರದೀಪ ಅಳವಡಿಸುವವರು ತಂತಿಯನ್ನು ದಪ್ಪವಾಗಿಯೂ ಗಿಡ್ಡವಾಗಿಯೂ ಇರಿಸುವುದು ಇದಕ್ಕಾಗಿಯೇ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೆಲ್ಕೋ ಮುಖಾಂತರ ಕರಾವಳಿಯ ಮನೆಗಳು ಇಂಥ ದೀಪಗಳನ್ನು ಕಂಡಿವೆ.

ಮದರ್‌ಬೋರ್ಡಿನೊಳಗಿನ ಶಿವನಸಮುದ್ರ

ಈಗ ಗಣಕಕ್ಕೆ ಬರೋಣ. 1981ರ ಐಬಿಎಂ ಪಿಸಿಯ ವಿದ್ಯುತ್ ಪೂರೈಕೆ ಕೇವಲ 63.5 ವಾಟ್. ಚಿಪ್‌ಗಳಿಗೆ 5 ವೋಲ್ಟ್, ಡಿಸ್ಕ್ ತಿರುಗಿಸುವ ಮೋಟಾರುಗಳಿಗೆ 12 ವೋಲ್ಟ್. 2000ರಲ್ಲಿ ಬಂದ ಪೆಂಟಿಯಂ 4 ಸಂಸ್ಕಾರಕಕ್ಕೆ 50 ವಾಟ್‌ಗೂ ಹೆಚ್ಚು ಬೇಕಾಯಿತು. 5 ವೋಲ್ಟ್‌ನಲ್ಲಿ ಅದನ್ನು ಒಯ್ದರೆ 10 ಆಂಪಿಯರ್ ದಾಟುತ್ತದೆ. ವಿನ್ಯಾಸಕಾರರು ಏನು ಮಾಡಿದರು? 12 ವೋಲ್ಟ್‌ನ ಪ್ರತ್ಯೇಕ ಸಂಪರ್ಕ ಕೊಟ್ಟು, ಸಂಸ್ಕಾರಕದ ಪಕ್ಕದಲ್ಲೇ ವೋಲ್ಟೇಜನ್ನು ಇಳಿಸಿದರು. ತಂತಿಯ ರೋಧ ಅಷ್ಟೇ ಇದ್ದರೆ ನಷ್ಟ ಸುಮಾರು ಆರನೇ ಒಂದು ಪಾಲಾಗುತ್ತದೆ. ಶಿವನಸಮುದ್ರದ ಪಾಠವೇ ಗೇಣುದ್ದದ ಹಲಗೆಯ ಮೇಲೆ ಮರುಕಳಿಸಿತ್ತು!

2010ರ ದಶಕದಲ್ಲಿ ಅನೇಕ ಬೋರ್ಡುಗಳಿಗೆ ಎಲ್‌ಇಡಿ ಪಟ್ಟಿಗಾಗಿಯೇ ಪಿನ್ನುಗಳು ಬಂದವು. ಅವುಗಳ ಮಿತಿ ಸಾಮಾನ್ಯವಾಗಿ 2ರಿಂದ 3 ಆಂಪಿಯರ್. ಪಿನ್ನಿನಿಂದ ಮುಂದಿನ ದಾರಿ ಬೋರ್ಡಿನ ಮೇಲಿನ ತೆಳುವಾದ ತಾಮ್ರದ ಗೆರೆ.

ಪಟ್ಟಿಯ ಲೆಕ್ಕ

ಮೀಟರಿಗೆ 60 ಎಲ್‌ಇಡಿಗಳಿರುವ ಸಾಮಾನ್ಯ 12 ವೋಲ್ಟ್ ಬಣ್ಣದ ಪಟ್ಟಿ ಪೂರ್ಣ ಬೆಳಕಿನಲ್ಲಿ ಮೀಟರಿಗೆ 14.4 ವಾಟ್, ಅಂದರೆ 1.2 ಆಂಪಿಯರ್ ಬಳಸುತ್ತದೆ. 5 ಮೀಟರಿಗೆ 6 ಆಂಪಿಯರ್. ಪಿನ್ನಿನ ಮಿತಿ 3 ಆಗಿದ್ದರೆ, ಪ್ರವಾಹ ಎರಡು ಪಟ್ಟು, ಶಾಖ ನಾಲ್ಕು ಪಟ್ಟು! ಪ್ರತಿ ದೀಪವನ್ನೂ ಬೇರೆಬೇರೆಯಾಗಿ ನಿಯಂತ್ರಿಸುವ 5 ವೋಲ್ಟ್ ಪಟ್ಟಿ ಇನ್ನೂ ಹಸಿದ ಜೀವಿ. ದೀಪವೊಂದಕ್ಕೆ 60 ಮಿಲಿ ಆಂಪಿಯರ್‌ನಂತೆ ಒಂದೇ ಮೀಟರಿಗೆ 3.6 ಆಂಪಿಯರ್ ಬೇಕಾಗಬಹುದು.

ಬಿಳಿ ಬೆಳಕು ಕೆಂಪಗಾದದ್ದೇಕೆ? 12 ವೋಲ್ಟ್ ಪಟ್ಟಿಯಲ್ಲಿ ಪ್ರತಿ ಬಣ್ಣದ ಮೂರು ಎಲ್‌ಇಡಿಗಳೂ ಒಂದು ರೋಧಕವೂ ಸರಣಿಯಲ್ಲಿರುತ್ತವೆ. ಮೂರು ನೀಲಿಗೆ ಸುಮಾರು 9.6 ವೋಲ್ಟ್ ಬೇಕು. ರೋಧಕಕ್ಕೆ ಉಳಿಯುವುದು 2.4. ಮೂರು ಕೆಂಪಿಗೆ ಸುಮಾರು 6 ಸಾಕು. ರೋಧಕಕ್ಕೆ ಇನ್ನೂ 6 ಉಳಿಯುತ್ತದೆ. ಪಟ್ಟಿಯ ಹೋಗಿಬರುವ ದಾರಿಯ ಒಟ್ಟು ರೋಧ 0.5 ಓಮ್ ಎಂದಿಟ್ಟುಕೊಳ್ಳಿ. ಪ್ರವಾಹ ದಾರಿಯುದ್ದಕ್ಕೂ ಹಂಚಿಹೋಗುವುದರಿಂದ ತುದಿಯಲ್ಲಿನ ಇಳಿಕೆ 6 × 0.5ರ ಅರ್ಧ, ಅಂದರೆ 1.5 ವೋಲ್ಟ್. ಆಗ ನೀಲಿಯ ರೋಧಕಕ್ಕೆ ಉಳಿಯುವುದು 0.9 ಮಾತ್ರ, ಕೆಂಪಿನದಕ್ಕೆ 4.5. ನೀಲಿಯ ಪ್ರವಾಹ ಶೇಕಡಾ 40ಕ್ಕಿಂತ ಕೆಳಗಿಳಿದರೆ ಕೆಂಪಿನದು ಶೇಕಡಾ 75ರಷ್ಟಿರುತ್ತದೆ. ಇದು ಒರಟು ಲೆಕ್ಕವಾದರೂ ಕಾರಣ ಸ್ಪಷ್ಟ. ಕೆಂಪು ಬಣ್ಣ ಒಂದು ಎಚ್ಚರಿಕೆಯಾಗಿತ್ತು. ನಾವು ಓದಲಿಲ್ಲ.

ಪರಿಹಾರ

ಉದ್ದ ಪಟ್ಟಿಗೆ ಬೇಕಾದ ಸಾಮರ್ಥ್ಯವನ್ನು ಪ್ರತ್ಯೇಕ 12 ವೋಲ್ಟ್ ಪೂರೈಕೆಯಿಂದ ಕೊಡಿ. ಮದರ್‌ಬೋರ್ಡು ಬಣ್ಣದ ಸಂಕೇತವನ್ನಷ್ಟೇ ಕಳಿಸಲಿ. ನಡುವೆ ಆಂಪ್ಲಿಫೈಯರ್ ಇರಲಿ. ಎರಡೂ ಪೂರೈಕೆಗಳ ಋಣ ತಂತಿಗಳನ್ನು ಸೇರಿಸುವುದನ್ನು ಮರೆಯಬೇಡಿ. ಧನ ತಂತಿಗಳನ್ನು ಮಾತ್ರ ಸೇರಿಸಬಾರದು. ಸೂಕ್ತ ಫ್ಯೂಸ್ ಹಾಕಿ. ಪಟ್ಟಿಗೆ ಎರಡೂ ತುದಿಗಳಿಂದ ವಿದ್ಯುತ್ ಕೊಟ್ಟರೆ ಗರಿಷ್ಠ ಇಳಿಕೆ ನಾಲ್ಕನೇ ಒಂದು ಪಾಲಾಗುತ್ತದೆ. ಏಕೆಂದರೆ ಆಗ ಪ್ರತಿ ತುದಿಯಿಂದ ಅರ್ಧ ಪ್ರವಾಹ ಅರ್ಧ ದೂರವನ್ನಷ್ಟೇ ಸಾಗಬೇಕು.

ಶಿಕ್ಷಕ ಮಿತ್ರರೇ, ಓಮನ ನಿಯಮ ಕಲಿಸುವಾಗ ಒಂದು ಪಟ್ಟಿ, ಒಂದು ಪ್ರತ್ಯೇಕ ಪೂರೈಕೆ ಮತ್ತು ಒಂದು ಮಲ್ಟಿಮೀಟರ್ ತರಗತಿಗೆ ತನ್ನಿ. ಪಟ್ಟಿಯ ಆರಂಭ, ನಡು, ಕೊನೆಗಳಲ್ಲಿ ವೋಲ್ಟೇಜನ್ನು ವಿದ್ಯಾರ್ಥಿಗಳೇ ಅಳೆಯಲಿ. ಅನಂತರ ಅವರಿಗೆ ಎಲ್ಲೂರಿನಿಂದ ಹೊರಡುವ ತಂತಿಗಳನ್ನು ತೋರಿಸಿ, ಅವು ಅಷ್ಟೆತ್ತರದಲ್ಲಿ ಏಕಿವೆ ಎಂದು ಕೇಳಿ. ನಾನು ಈಗ ಪ್ರತಿ ವರ್ಷ ಹಾಗೆಯೇ ಮಾಡುತ್ತೇನೆ. ಸುಟ್ಟ ಆ ಮದರ್‌ಬೋರ್ಡು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಪಾಠ ಶುರುವಾಗುವುದು ಅಲ್ಲಿಂದಲೇ.