ಸ್ವಾತಂತ್ರ್ಯ ಬಂದ ಮೇಲೂ ಗಡಿ ದಾಟಿ ಬರ್ತಿದ್ದ ಪತ್ರಿಕೆ

ತಿಪಟೂರಿನಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದಿಕೊಳ್ಳಿ, ಆಫ್ ಮಾಡಿದ್ರೆ ನಾನು ಬೆಂದುಹೋಗ್ತೀನಿ.

ಇವತ್ತು ಇತಿಹಾಸಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ. ಹೋದ ವರ್ಷ ಕೊಬ್ಬರಿ ತೂಕದಲ್ಲಿ ರೈತರಿಗೆ ಹೇಗೆ ನಷ್ಟ ಆಗುತ್ತೆ ಅಂತ ಒಂದು ಎಪಿಸೋಡ್ ಮಾಡಿದ್ದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಬಾಯಿ ಬಿಟ್ಟು ಮಾತಾಡಿದ್ರು. ಮೂರನೇ ದಿನ ಒಬ್ಬರು ಫೋನ್ ಮಾಡಿದ್ರು. ಬಹಳ ಮರ್ಯಾದೆಯಿಂದಲೇ, "ನಿಮ್ಮ ತಂದೆಯವರೂ ಇಲ್ಲೇ ಕೊಬ್ಬರಿ ಮಾರೋದಲ್ವಾ?" ಅಂದ್ರು. ಅಷ್ಟೇ ಅಂದಿದ್ದು. ಅವತ್ತು ರಾತ್ರಿಯೇ ಎಪಿಸೋಡ್ ತೆಗೆದುಬಿಟ್ಟೆ. ನೋಟಿಸ್ ಇಲ್ಲ, ಪೊಲೀಸ್ ಇಲ್ಲ. ನಾನೇ ತೆಗೆದೆ.

ಆಮೇಲೆ ನಾಚಿಕೆ ಆಯ್ತು. ನಮಗಿಂತ ಮುಂಚೆ ಇದೇ ಸೀಮೆಯಲ್ಲಿ ಪತ್ರಿಕೆ ನಡೆಸಿದವರು ಏನು ಮಾಡ್ತಿದ್ರು ಅಂತ ಓದೋಕೆ ಶುರು ಮಾಡಿದೆ.

1908ಕ್ಕೆ ಹೋಗೋಣ. ಆಗ ನಮ್ಮ ತುಮಕೂರು ಜಿಲ್ಲೆ ಮೈಸೂರು ಸಂಸ್ಥಾನದ ಭಾಗ. ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ ಪತ್ರಿಕೆಗಳ ಮೇಲೆ ಒಂದು ಕಾಯ್ದೆ ಬಂತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸೋ ಹಾಗಿಲ್ಲ. ಕೊಟ್ಟ ಅನುಮತಿಯನ್ನ ವಾಪಸ್ ತಗೊಳ್ಳೋ ಅಧಿಕಾರವೂ ಸರ್ಕಾರದ್ದೇ.

ನಾನು ಬಿ.ಕಾಂ. ಓದಿದವನು, ನನಗೆ ಇದು ಲೆಕ್ಕದ ಪುಸ್ತಕದ ಥರ ಕಾಣುತ್ತೆ. ಅಚ್ಚಿನ ಯಂತ್ರ, ಮೊಳೆ, ಕಾಗದ, ಮೊಳೆ ಜೋಡಿಸೋರ ಸಂಬಳ, ಹಾಕಿದ ಬಂಡವಾಳ ಪೂರ್ತಿ ಒಂದು ಅನುಮತಿ ಪತ್ರದ ಮೇಲೆ ನಿಂತಿರುತ್ತೆ. ಅಂಥಾ ಕಡೆ ಅಧಿಕಾರಿ ಒಂದೊಂದು ಸಾಲನ್ನೂ ಹೊಡೆದು ಹಾಕಬೇಕಾಗಿಲ್ಲ. ಸಂಪಾದಕನೇ ಬರೆಯೋಕೆ ಮುಂಚೆ ಲೆಕ್ಕ ಹಾಕ್ತಾನೆ. ನಾನು ಹಾಕಿದ ಹಾಗೆ.

ಆದರೆ ಎಲ್ಲರೂ ನನ್ನ ಥರ ಇರಲಿಲ್ಲ. ಮೈಸೂರಿನಲ್ಲಿ ಎಂ. ವೆಂಕಟಕೃಷ್ಣಯ್ಯ ಅಂತ ಒಬ್ಬರು ಮೇಷ್ಟ್ರು, ಜನ ಪ್ರೀತಿಯಿಂದ ತಾತಯ್ಯ ಅಂತಿದ್ರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಪತ್ರಿಕೆ ನಡೆಸಿದವರು. ಈ ಕಾಯ್ದೆ ಒಪ್ಪಿಕೊಂಡು ಬರೆಯೋದಕ್ಕಿಂತ ನಿಲ್ಲಿಸೋದೇ ವಾಸಿ ಅಂತ ಪತ್ರಿಕೆ ನಿಲ್ಲಿಸಿಬಿಟ್ರು. ಅವರೂ ನಿಲ್ಲಿಸಿದ್ರು, ನಾನೂ ನಿಲ್ಲಿಸಿದೆ. ಅವರು ನಿಲ್ಲಿಸಿದ್ದು ಊರಿಗೆಲ್ಲ ಗೊತ್ತಾಗಲಿ ಅಂತ. ನಾನು ಯಾರಿಗೂ ಗೊತ್ತಾಗದೇ ಇರಲಿ ಅಂತ.

ಈಗ ನೇರವಾಗಿ 1947ಕ್ಕೆ ಬನ್ನಿ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು, ಸಿಹಿ ಹಂಚಿದ್ರು, ಮುಗೀತು ಅಂತ. ಆದರೆ ಮೈಸೂರು ಮಹಾರಾಜರು ಸಹಿ ಹಾಕಿದ ವಿಲೀನ ಪತ್ರದಲ್ಲಿ ದೆಹಲಿಗೆ ಕೊಟ್ಟಿದ್ದು ಮೂರೇ ವಿಷಯ. ರಕ್ಷಣೆ, ವಿದೇಶಾಂಗ, ಸಂಪರ್ಕ. ಅಂದ್ರೆ ತಿಪಟೂರಿನ ಅಂಚೆ, ತಂತಿ ದೆಹಲಿ ಲೆಕ್ಕಕ್ಕೆ. ಇಲ್ಲಿ ಯಾರು ಏನು ಅಚ್ಚು ಹಾಕಬಹುದು ಅನ್ನೋದು ಮಾತ್ರ ಇನ್ನೂ ದಿವಾನರ ಕೈಯಲ್ಲಿ. ಆಗಿನ ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಒಕ್ಕೂಟ ಸೇರಿದ್ವಿ, ಒಕ್ಕೂಟದ ಸ್ವಾತಂತ್ರ್ಯ ನಮ್ಮ ಮನೆ ಬಾಗಿಲಿಗೆ ಬರಲಿಲ್ಲ.

ಜವಾಬ್ದಾರಿ ಸರ್ಕಾರ ಬೇಕು ಅಂತ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯ್ತು. 'ಆರ್ಕಾಟ್ ಬಾಯ್ಕಾಟ್' ಅಂತ ಬೀದಿಯಲ್ಲಿ ಕೂಗಿದ್ರು. ಕೆ.ಸಿ. ರೆಡ್ಡಿ ಮುಂತಾದವರು ಜೈಲಿಗೆ ಹೋದ್ರು, ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಅಚ್ಚಿಗೆ ಹೋಗೋ ಮುಂಚೆ ಸರ್ಕಾರಕ್ಕೆ ತೋರಿಸಿ ಅನ್ನೋ ಈ ವ್ಯವಸ್ಥೆಯ ಮೋಸ ತೆಂಗಿನ ಸೀಮೆಯವರಿಗೆ ಬೇಗ ಅರ್ಥ ಆಗುತ್ತೆ. ಉಂಡೆ ಕೊಬ್ಬರಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತರೂ ಬೆಲೆ ಇದೆ. ಸುದ್ದಿ ಎಳನೀರು. ನಾಳೆ ಕೊಟ್ಟರೆ ಹುಳಿ.

ಬೆಂಗಳೂರಿನಲ್ಲಿ 'ಪೌರವಾಣಿ' ಅನ್ನೋ ಪತ್ರಿಕೆ ನಡೆಸ್ತಿದ್ದ ಎಚ್.ಎಸ್. ದೊರೆಸ್ವಾಮಿಯವರಿಗೆ ಆಗ 29 ವರ್ಷ. ಹೆಚ್ಚು ಕಮ್ಮಿ ನನ್ನ ವಯಸ್ಸು. 1942ರ ಚಳವಳಿಯಲ್ಲಿ ಆಗಲೇ ಜೈಲು ಕಂಡಿದ್ದರು. ಅವರು ಪತ್ರಿಕೆಯನ್ನ ಸರ್ಕಾರಕ್ಕೆ ತೋರಿಸಲಿಲ್ಲ, ನಿಲ್ಲಿಸಲೂ ಇಲ್ಲ. ಹಿಂದೂಪುರಕ್ಕೆ ಹೋದ್ರು! ಗೌರಿಬಿದನೂರು, ವಿದುರಾಶ್ವತ್ಥ ದಾಟಿದ್ರೆ ಹಿಂದೂಪುರ. ಅದು ಆಗ ಮದ್ರಾಸ್ ಪ್ರಾಂತ್ಯ, ದಿವಾನರ ಕಾನೂನು ಅಲ್ಲಿ ನಡೆಯಲ್ಲ. ಅಲ್ಲಿಂದ ಪತ್ರಿಕೆ ಹೊರಡಿಸಿ ಗುಟ್ಟಾಗಿ ಮೈಸೂರು ಸೀಮೆಗೆ ಕಳಿಸ್ತಿದ್ರು. ಅದೇ ಕನ್ನಡ, ಅದೇ ಸುದ್ದಿ. ಗಡಿ ಆ ಕಡೆ ಕಾನೂನುಬದ್ಧ, ಈ ಕಡೆ ಅಪರಾಧ.

ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಸ್ವಾತಂತ್ರ್ಯ ಬಂದು ಎರಡು ತಿಂಗಳ ಮೇಲಾಗಿತ್ತು.

ಕಥೆ ಇಲ್ಲಿಗೇ ಮುಗಿದಿದ್ರೆ ಮದ್ರಾಸ್ ಹೀರೋ ಆಗಿಬಿಡ್ತಿತ್ತು. ಆದರೆ ಅದೇ ಮದ್ರಾಸ್ ಸರ್ಕಾರ, ಈಗ ಸ್ವತಂತ್ರ ಭಾರತದ ರಾಜ್ಯ, ಮುಂಬೈಯಿಂದ ಬರ್ತಿದ್ದ 'ಕ್ರಾಸ್ ರೋಡ್ಸ್' ಅನ್ನೋ ಇಂಗ್ಲಿಷ್ ವಾರಪತ್ರಿಕೆ ತನ್ನ ಗಡಿಯೊಳಗೆ ಬರಬಾರದು ಅಂತ ನಿಷೇಧ ಹಾಕ್ತು. ರೋಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದ್ರು. 1950ರ ಮೇ ತಿಂಗಳಲ್ಲಿ ತೀರ್ಪು ಬಂತು. ಬರೆಯೋ ಸ್ವಾತಂತ್ರ್ಯ ಅಂದ್ರೆ ಬರೆದಿದ್ದು ಜನರ ಕೈಗೆ ತಲುಪೋ ಸ್ವಾತಂತ್ರ್ಯವೂ ಹೌದು ಅಂತ ಹೇಳಿ ನಿಷೇಧ ರದ್ದು ಮಾಡಿದ್ರು. ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆಯ ಕಾರಣಕ್ಕೂ ನಿರ್ಬಂಧ ಹಾಕಬಹುದು ಅಂತ ಸೇರಿಸಿದ್ರು, ಆದರೆ ಆ ನಿರ್ಬಂಧ 'ಸಮಂಜಸ'ವಾಗಿರಬೇಕು ಅನ್ನೋ ಮಾತೂ ಜೊತೆಗೇ ಸೇರಿತು. ಯಾವುದು ಸಮಂಜಸ ಅನ್ನೋ ಜಗಳ ಇವತ್ತಿಗೂ ಕೋರ್ಟುಗಳಲ್ಲಿ ನಡೀತಾನೇ ಇದೆ.

ದೊರೆಸ್ವಾಮಿಯವರು 1975ರ ತುರ್ತು ಪರಿಸ್ಥಿತಿಯಲ್ಲೂ ಇಂದಿರಾ ಗಾಂಧಿಯವರನ್ನ ವಿರೋಧಿಸಿ ಜೈಲಿಗೆ ಹೋದ್ರು. 2021ರಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಂಡ್ರು.

ನಿಮ್ಮ ಮನೆ ಅಟ್ಟದಲ್ಲಿ, ತಾತನ ಟ್ರಂಕಿನಲ್ಲಿ ಹಳೇ 'ಪೌರವಾಣಿ' ಏನಾದ್ರೂ ಸಿಕ್ಕಿದ್ರೆ ದಯವಿಟ್ಟು ಫೋಟೊ ತೆಗೆದು ಕಳಿಸಿ. ಒಂದು ಹಾಳೆ ಆದ್ರೂ ಸಾಕು.

ಹಾಂ, ಆ ಎಪಿಸೋಡ್. ಫೈಲ್ ಇನ್ನೂ ಲ್ಯಾಪ್‌ಟಾಪ್‌ನಲ್ಲೇ ಇದೆ. ಮತ್ತೆ ಹಾಕ್ತೀನಿ ಅಂತ ಮೊನ್ನೆ ಅಪ್ಪನ ಹತ್ರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಪ್ಪ. ಈ ಸಲದ ಕೊಬ್ಬರಿ ಒಂದು ಮಾರಾಟ ಆಗಿಬಿಡ್ಲಿ" ಅಂದ್ರು. ಅಟ್ಟದಲ್ಲಿ ಕಾಯಿ ಇನ್ನೂ ಒಣಗ್ತಾ ಇದೆ.