‘ನೋಡೋಣ್ರಿ ಅಕ್ಕೋರ’

1993ರ ಏಪ್ರಿಲ್ ತಿಂಗಳು. ಬ್ಯಾಡಗಿಯ ಶಾಲೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ರಾಣೆಬೆನ್ನೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ಏಳನೇ ಇಯತ್ತೆ ಮುಗಿಸಿದ ಹುಡುಗಿಯರಲ್ಲಿ ಅರ್ಧಕ್ಕರ್ಧ ಎಂಟನೆಯದಕ್ಕೆ ಬರುವುದಿಲ್ಲ, ಮನೆಗೆ ಹೋಗಿ ಪಾಲಕರನ್ನು ಒಪ್ಪಿಸಿ ಬನ್ನಿ ಎಂದು ಹೊಸಬರಾದ ನಮಗೆ ಹೇಳಿದ್ದರು. ನಾನು ಮೊದಲು ಹೋದದ್ದು ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿಯ ಮನೆಗೆ. ಅವಳ ತಾಯಿ ಕೂಲಿಗೆ ತಂದ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಆದರೂ ಮುಚ್ಚಿದ ಕೋಣೆಯಲ್ಲಿ ಒಂದು ರಾಶಿ ಕಾಯಿಯ ಘಾಟು ಸಾಕು, ನಾನು ನಾಲ್ಕು ಸಲ ಸೀನಿದೆ. ಆಕೆ ನಕ್ಕು, ಚೀಲ ಝಾಡಿಸಿ ಹಾಸಿ ಕೂಡ್ರಿಸಿದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ನಡುವೆ ಒಂದು ಮಾತೂ ಆಡಲಿಲ್ಲ. ಕೊನೆಗೆ, “ಆಗಲಿ ತಗೋರಿ. ನೋಡೋಣ್ರಿ ಅಕ್ಕೋರ” ಎಂದಳು. ಚಹಾ ಕೊಟ್ಟಳು. ನಾನು ಹೊರಗೆ ಬಂದು ನೋಟುಬುಕ್ಕಿನಲ್ಲಿ ಅವಳ ಮಗಳ ಹೆಸರಿನ ಮುಂದೆ ‘ಒಪ್ಪಿಗೆ’ ಎಂದು ಬರೆದುಕೊಂಡೆ.

ಜೂನ್‌ನಲ್ಲಿ ಶಾಲೆ ತೆರೆಯಿತು. ಹುಡುಗಿ ಬರಲಿಲ್ಲ. ಎರಡು ವಾರ ಕಾದು, ನಮ್ಮ ಜೊತೆಗಿದ್ದ ಹಿರಿಯ ಶಿಕ್ಷಕಿಯೊಬ್ಬರ ಮುಂದೆ ಗೊಣಗಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಚಾ ಕೊಟ್ಟಿದ್ದಳೇನವಾ?”

“ಕೊಟ್ಟಿದ್ದಳು. ಸಕ್ಕರಿ ಜಾಸ್ತಿ ಹಾಕಿ.”

“ಹಂಗಾರ ಅವತ್ತ ಇಲ್ಲ ಅಂದಿದ್ದಳು ಬಿಡು.”

ನನಗೆ ಅವಮಾನವಾದದ್ದು ಅವರ ನಗುವಿನಿಂದಲ್ಲ. ನಾನೇನು ಪರದೇಶದವಳೇ? ಇದೇ ನೆಲದಲ್ಲಿ ಹುಟ್ಟಿದವಳು. ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ನಮ್ಮ ಅವ್ವ “ನೋಡೋಣು” ಎಂದು ಎದ್ದಳೆಂದರೆ ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನನಗೆ ಆರು ವರ್ಷವಿದ್ದಾಗಲೇ ಗೊತ್ತಿತ್ತು. ಗೊತ್ತಿದ್ದೂ ಆ ದಿನ ನನಗೆ ಬೇಕಾದದ್ದನ್ನು ಕೇಳಿಸಿಕೊಂಡಿದ್ದೆ.

ಬಿ.ಎ.ಯಲ್ಲಿ ಕನ್ನಡ ಕಾವ್ಯಮೀಮಾಂಸೆ ಓದಿದ್ದೆ. ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಬಾಯಿಪಾಠ ಮಾಡಿ ಅಂಕವನ್ನೂ ಗಳಿಸಿದ್ದೆ. ಶಬ್ದದ ನೇರ ಅರ್ಥ ಒಂದು, ಅದು ಹೊಂದದಿದ್ದಾಗ ಪಕ್ಕಕ್ಕೆ ಸರಿದು ಹುಟ್ಟುವ ಅರ್ಥ ಇನ್ನೊಂದು, ಹೇಳದೆಯೇ ಹೊಳೆಯುವ ಅರ್ಥ ಮತ್ತೊಂದು. ಇದು ಕವಿಗಳಿಗೆ ಸಂಬಂಧಿಸಿದ ಸಂಗತಿ, ಮೆಣಸಿನಕಾಯಿ ಬಿಡಿಸುವ ಹೆಂಗಸಿಗೂ ಇದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆ. ಆ ಜೂನ್ ತಿಂಗಳಲ್ಲಿ ಹಳೆಯ ಪುಸ್ತಕ ಮತ್ತೆ ತೆಗೆದೆ.

ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ ಬರೆದ. ಹೇಳಿದ ಮಾತಿಗಿಂತ ಸೂಚಿತವಾದ ಅರ್ಥವೇ ಕಾವ್ಯದ ಜೀವ ಎಂಬುದು ಅವನ ವಾದ. ಅದಕ್ಕೆ ಅವನು ಮೊದಲಲ್ಲೇ ಕೊಡುವ ಉದಾಹರಣೆ ಯಾವುದು ಗೊತ್ತೇ? ರಾಜನ ಮಾತಲ್ಲ, ಋಷಿಯ ಮಾತಲ್ಲ. ಪ್ರಾಕೃತದಲ್ಲಿ ಮಾತಾಡುವ ಒಬ್ಬ ಹೆಂಗಸಿನ ಮಾತು. ಗೋದಾವರಿ ದಂಡೆಯ ಪೊದೆಗಳ ಕಡೆಗೆ ಧರ್ಮಿಷ್ಠನೊಬ್ಬ ದಿನವೂ ಹೂ ಕೊಯ್ಯಲು ಬರುತ್ತಾನೆ. ಆಕೆಗೆ ಅದೇ ಪೊದೆಯ ಮರೆಯಲ್ಲಿ ಯಾರನ್ನೋ ಕಾಣುವುದಿರುತ್ತದೆ. (ಅದು ಯಾರೆಂಬ ವಿಚಾರ ನಮಗೆ ಬೇಡ.) ಆಕೆ ಅವನಿಗೆ, ಇನ್ನು ನಿಶ್ಚಿಂತೆಯಿಂದ ತಿರುಗಾಡು, ನಿನ್ನನ್ನು ಹೆದರಿಸುತ್ತಿದ್ದ ಆ ನಾಯಿ ಸತ್ತಿತು, ಪೊದೆಯಲ್ಲಿರುವ ಸಿಂಹ ಅದನ್ನು ಕೊಂದಿತು ಎಂಬ ಅರ್ಥ ಬರುವಂತೆ ಹೇಳುತ್ತಾಳೆ. ಮಾತಿನಲ್ಲಿರುವುದು ‘ಬಾ’, ಅರ್ಥ ‘ಇತ್ತ ತಲೆ ಹಾಕಬೇಡ’. ನಾಯಿಗೇ ಅಂಜುವವನು ಸಿಂಹವಿದ್ದಲ್ಲಿಗೆ ಬಂದಾನೆಯೇ?

ಬಾಯಲ್ಲಿ ಹೌದು, ಒಳಗೆ ಇಲ್ಲ. ಬ್ಯಾಡಗಿಯ ತಾಯಿ ಮಾಡಿದ್ದೂ ಇದನ್ನೇ. ಅದೇ ಶತಮಾನದಲ್ಲಿ ನಮ್ಮ ‘ಕವಿರಾಜಮಾರ್ಗ’ ಹುಟ್ಟಿತು, ಅದರಲ್ಲಿಯೂ ಧ್ವನಿಯ ಪ್ರಸ್ತಾಪವಿದೆ, ಅದನ್ನೊಂದು ಅಲಂಕಾರವೆಂದು ಎಣಿಸಲಾಗಿದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದ ಗ್ರಂಥವೂ ಅದೇ. ಹಾಗಾದರೆ ಆ ಗೋದಾವರಿ ದಂಡೆಯ ಹೆಂಗಸು ನಮ್ಮ ಗಡಿಯವಳೇ ಆದಳಲ್ಲ ಎಂದು ನಾನು ಸುಮ್ಮನೆ ಹಿಗ್ಗಿದ್ದುಂಟು. ತಿರುಳ್ಗನ್ನಡದ ಸೀಮೆಯೆಂದು ಅಲ್ಲಿ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದಾದ ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ, ನಮ್ಮ ಹಾವೇರಿಗೆ ದೂರದ್ದಲ್ಲ.

ಒಂದೇ ಮಾತಿಗೆ ಕೇಳುವವರಿಗೆ ತಕ್ಕಂತೆ ಅರ್ಥ ಬೇರೆಯಾಗುತ್ತದೆ ಎಂಬುದನ್ನು ಹನ್ನೊಂದನೇ ಶತಮಾನದ ಮಮ್ಮಟ ಇನ್ನೂ ಸರಳವಾಗಿ ತೋರಿಸಿದ. ಹೊತ್ತು ಮುಳುಗಿತು ಎಂದರೆ ದನಗಾಹಿಗೆ ಒಂದು ಅರ್ಥ, ವ್ಯಾಪಾರಿಗೆ ಒಂದು, ಸಂಧ್ಯಾವಂದನೆಯವನಿಗೆ ಒಂದು. ಇದನ್ನು ಕಣ್ಣಾರೆ ನೋಡಬೇಕೆಂದರೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗಬೇಕು. ದಸರೆಯ ಆಯುಧಪೂಜೆಯ ದಿನ ಮಾಲತೇಶನ ಸನ್ನಿಧಿಯಲ್ಲಿ ಕಾರ್ಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಪ್ಪ ಎತ್ತರದ ಬಿಲ್ಲನ್ನು ಏರಿ ನಿಲ್ಲುತ್ತಾನೆ. ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ಮೌನವಾಗುತ್ತದೆ. ಕಂಕುಳಲ್ಲಿದ್ದ ಕೂಸು ಸಹ ಅತ್ತ ನೋಡುತ್ತದೆ. ಅವನು ಒಂದೇ ಒಂದು ವಾಕ್ಯ ನುಡಿದು ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮುಗಿಯಿತು ಅವನ ಕೆಲಸ. ಅಲ್ಲಿಂದ ನಮ್ಮ ಕೆಲಸ ಶುರು.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿ ಚಕ್ಕಡಿಯಲ್ಲಿ ಮರಳುವಾಗ ನಾನು ಕೇಳಿದ ಚರ್ಚೆ ಈಗಲೂ ಕಿವಿಯಲ್ಲಿದೆ. ಒಬ್ಬರು ಮಳೆ ಛೊಲೊ ಎಂದರು. ಹತ್ತಿ ಬೆಳೆದವರು ದರ ಬೀಳುತ್ತದೆ ಎಂದರು. ಯಾರೋ ಒಬ್ಬರು ಬೆಂಗಳೂರಿನ ಸರಕಾರ ಬೀಳುತ್ತದೆ ಎಂದರು. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು ಮಾತ್ರ, “ಅವ ಯಾವ ಮಾತಿಗಿ ಜೋರ ಕೊಟ್ಟ, ಅದನ್ನ ಮೊದಲ ಹೇಳ್ರಿ” ಎಂದಳು. ಯಾರಿಗೂ ನೆನಪಿರಲಿಲ್ಲ. ಆ ಮುದುಕಿ ಕೇಳಿದ್ದು ಎಂಥ ಪ್ರಶ್ನೆ ಎಂಬುದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ನಮ್ಮ ಭಾಷೆಯನ್ನು ಅಭ್ಯಾಸ ಮಾಡಲು ಬಂದ ಹೊರಗಿನವರ ಚರಿತ್ರೆಯೂ ಹೀಗೆಯೇ ಶಬ್ದದಿಂದ ದನಿಗೆ, ಸಂದರ್ಭಕ್ಕೆ ಸರಿದಿದೆ. 1853ರಲ್ಲಿ ಧಾರವಾಡಕ್ಕೆ ಬಂದ ಕಿಟೆಲ್ ಸಾಹೇಬರು 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಹೊರತಂದರು. ಅದರ ದೊಡ್ಡತನದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಹಿಡಿಸಿದ್ದು ಅವರು ಶಬ್ದದ ಜೊತೆಗೆ ಜನರ ಗಾದೆಗಳನ್ನೂ ಸೇರಿಸುತ್ತ ಹೋದದ್ದು. ಅರ್ಥ ಬರೆದರೆ ಸಾಲದು, ಜನ ಅದನ್ನು ಹೇಗೆ ಬಳಸುತ್ತಾರೆ ಎಂಬುದನ್ನೂ ತೋರಿಸಬೇಕು ಎಂದು ಅವರಿಗೆ ಅನಿಸಿರಬೇಕು. 1960ರಲ್ಲಿ ಮೆಕಾರ್ಮಕ್ ಎಂಬ ಅಮೆರಿಕದ ವಿದ್ವಾಂಸರು ಧಾರವಾಡ ಕನ್ನಡದ ಸಾಮಾಜಿಕ ಭೇದಗಳ ಬಗ್ಗೆ ಬರೆದರು. ಆಗ ಹಾವೇರಿಯೂ ಧಾರವಾಡ ಜಿಲ್ಲೆಯಲ್ಲೇ ಇತ್ತು; ನಮ್ಮ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಯಾವ ಜಾತಿಯವರು ಹೇಗೆ ಮಾತಾಡುತ್ತಾರೆ ಎಂಬುದು ನಮಗೆ ಹಿತ್ತಲಲ್ಲೇ ಗೊತ್ತಿದ್ದ ಸಂಗತಿ, ಆದರೆ ನಾವದನ್ನು ಜರಿಯಲು ಬಳಸಿದೆವು, ಅವರು ಅಭ್ಯಾಸ ಮಾಡಿದರು.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಸೆಳೆದವರು ಜಾನ್ ಗಂಪರ್ಜ್. ಹುಟ್ಟಿದ್ದು ಜರ್ಮನಿಯಲ್ಲಿ, 1922ರಲ್ಲಿ. ಪಾಠ ಹೇಳಿದ್ದು ಅಮೆರಿಕದಲ್ಲಿ. ಅವರೂ ರಾಬರ್ಟ್ ವಿಲ್ಸನ್ನರೂ ಸೇರಿ ಸಾಂಗಲಿ ಜಿಲ್ಲೆಯ ಕುಪವಾರ ಎಂಬ ಹಳ್ಳಿಯ ಬಗ್ಗೆ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಇನ್ನುಳಿದವರಲ್ಲಿ ಮರಾಠಿ, ತೆಲುಗು. ನೂರಾರು ವರ್ಷ ಒಂದೇ ಊರಲ್ಲಿ ಬಾಳಿ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರವಾಗಿತ್ತೆಂದರೆ, ಒಂದರ ಶಬ್ದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಶಬ್ದ ಇಟ್ಟರೆ ವಾಕ್ಯ ಸಿದ್ಧ. ಹಾಗಿದ್ದರೂ ಯಾರೂ ತಮ್ಮ ಭಾಷೆ ಬಿಟ್ಟಿರಲಿಲ್ಲ. ಮನೆಯಲ್ಲಿ ತಮ್ಮತಮ್ಮದು, ಬೇರೆಬೇರೆ ಜನ ಕೂಡಿದಲ್ಲಿ ಮರಾಠಿ. ಯಾವ ಭಾಷೆಯನ್ನು ಎಲ್ಲಿ ಯಾರೊಡನೆ ಆಡಿದರು ಎಂಬುದೇ ಒಂದು ಮಾತು ಎಂದಾಯಿತಲ್ಲವೇ?

ಇದೇ ಗಂಪರ್ಜ್ 1982ರಲ್ಲಿ ಬರೆದ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಅದನ್ನು ಓದಿದಾಗ ನನಗೆ ಚಕ್ಕಡಿಯ ಮುದುಕಿ ನೆನಪಾದಳು. ಇಂಗ್ಲೆಂಡಿನ ದೊಡ್ಡ ವಿಮಾನ ನಿಲ್ದಾಣವೊಂದರ ನೌಕರರ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸಕ್ಕೆ ಭಾರತ, ಪಾಕಿಸ್ತಾನಗಳ ಹೆಂಗಸರು ಸೇರಿದ್ದರು. ಇವರು ಒರಟರು, ಸಹಕಾರವಿಲ್ಲದವರು ಎಂದು ದೂರು. ಇವರಿಗೋ, ನಮ್ಮನ್ನು ಬೇಕೆಂದೇ ದೂರುತ್ತಾರೆ ಎಂಬ ನೋವು. ಧ್ವನಿಮುದ್ರಣ ಮಾಡಿ ಕೇಳಿದಾಗ ತಿಳಿಯಿತು, ಜಗಳವೆಲ್ಲ ‘ಗ್ರೇವಿ’ ಎಂಬ ಒಂದು ಶಬ್ದದ್ದು. ಮಾಂಸದ ಮೇಲೆ ಹಾಕುವ ಸಾರು ಬೇಕೇ ಎಂದು ಕೇಳುವಾಗ ಆಂಗ್ಲ ಹೆಂಗಸು ಅದೇ ಶಬ್ದವನ್ನು ದನಿ ಏರಿಸಿ ಹೇಳುತ್ತಾಳೆ. ನಮ್ಮವರು ದನಿ ಇಳಿಸಿ ಹೇಳುತ್ತಿದ್ದರು. ನಮ್ಮವರ ಪಾಲಿಗೆ ಅದೇ ವಿನಯದ ಪ್ರಶ್ನೆ. ಅವರ ಕಿವಿಗೆ ‘ಇದು ಸಾರು, ಬೇಕಾದರೆ ತಗೋ’ ಎಂದಂತೆ. ದನಿಯ ಒಂದು ಇಳಿತಕ್ಕೆ ಅಷ್ಟು ಜನ ಹೆಂಗಸರು ಒರಟರೆನಿಸಿಕೊಂಡರು. ನನ್ನ ನೋಟುಬುಕ್ಕಿನ ‘ಒಪ್ಪಿಗೆ’ಯೂ ಇಂಥದೇ ಕಿವಿಯ ತಪ್ಪು.

ತತ್ತ್ವಶಾಸ್ತ್ರದವರಲ್ಲಿ ಗ್ರೈಸ್ ಎಂಬವರು 1967ರಲ್ಲಿ ಹಾರ್ವರ್ಡಿನಲ್ಲಿ ಉಪನ್ಯಾಸ ಕೊಟ್ಟು, ಜನ ಮಾತಿನಲ್ಲಿ ಪರಸ್ಪರ ಸಹಕರಿಸುತ್ತಾರೆಂದು ನಂಬಿಯೇ ನಾವು ಹೇಳದ ಅರ್ಥವನ್ನು ಊಹಿಸುತ್ತೇವೆ ಎಂದರು. ಗಹನವೆನಿಸಿದರೆ ಅಡುಗೆಮನೆಗೆ ಬನ್ನಿ. “ಅಡಗಿ ಹೆಂಗಾಗೇತ್ರಿ?” ಎಂದು ಸೊಸೆ ಕೇಳುತ್ತಾಳೆ. “ಅನ್ನ ಛೊಲೊ ಆಗೇತಿ” ಎನ್ನುತ್ತಾರೆ ಅತ್ತೆ. ಸೊಸೆ ಸಾರಿನ ಪಾತ್ರೆ ಒಳಗೆ ತೆಗೆದುಕೊಂಡು ಹೋಗುತ್ತಾಳೆ. ಗ್ರೈಸರ ಸಿದ್ಧಾಂತ ಅಷ್ಟೇ.

ಆದರೆ ಮೆಣಸಿನಕಾಯಿ ರಾಶಿಯ ಮುಂದಿದ್ದ ತಾಯಿ ನೇರವಾಗಿ ‘ಇಲ್ಲ’ ಎನ್ನಲಿಲ್ಲವೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅವರ ವಿಚಾರದಲ್ಲಿ. ಸೌಜನ್ಯದ ಮಾತಿನ ಬಗ್ಗೆ ಅವರು 1978ರಲ್ಲಿ ಬರೆದದ್ದು 1987ರಲ್ಲಿ ಪುಸ್ತಕವಾಯಿತು. ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್ ಜನರ ಭಾಷೆ, ಮತ್ತು ನಮ್ಮ ನೆರೆಯ ಕೊಯಮತ್ತೂರು ಸೀಮೆಯ ತಮಿಳು, ಈ ಮೂರರ ಮಾತುಗಳನ್ನು ಅವರು ಹೋಲಿಸಿದರು. ಪ್ರತಿಯೊಬ್ಬರೂ ಕಾಯ್ದುಕೊಳ್ಳುವ ಮಾನಕ್ಕೆ ಅವರು ಬಳಸಿದ ಹೆಸರು ‘ಮುಖ’. ನಾವು ಮುಖ ಮುರಿದಂತೆ ಮಾತಾಡಬೇಡ ಎನ್ನುತ್ತೇವಲ್ಲ, ಅದೇ ಮುಖ! ಎದುರಿನವರು ತಮಗಿಂತ ಬಲವಂತರಾದಷ್ಟೂ, ಪರಿಚಯ ಕಡಿಮೆಯಾದಷ್ಟೂ, ಹೇಳುವ ಸಂಗತಿ ಭಾರವಾದಷ್ಟೂ ಮಾತು ಸುತ್ತಿ ಬರುತ್ತದೆ ಎಂದರು. ನಾನು ಇಸ್ತ್ರಿ ಸೀರೆಯುಟ್ಟ ‘ಅಕ್ಕೋರು’, ಆಕೆ ಕೂಲಿಯವಳು. ಮಗಳು ಕೂತರೆ ದಿನಕ್ಕೆ ಇನ್ನಷ್ಟು ಕಾಯಿ ಬಿಡಿಸಬಹುದು, ಮನೆ ನಡೆಯುವುದು ಅದರಿಂದ ಎಂದು ನನಗೆ ಹೇಗೆ ಹೇಳಿಯಾಳು? ಹೇಳಿದರೆ ನನ್ನ ಮುಖವೂ ಮುರಿಯುತ್ತದೆ, ಆಕೆಯದೂ. ಸುತ್ತಿ ಹೇಳುವುದು ಆಕೆಗೆ ಅನಿವಾರ್ಯವಾಗಿತ್ತು. ಬಿಡಿಸಿ ತಿಳಿಯಬೇಕಾದವಳು ಸಂಬಳ ತೆಗೆದುಕೊಳ್ಳುತ್ತಿದ್ದ ನಾನು. “ಯಾಕವಾ, ಏನ ತ್ರಾಸ?” ಎಂಬ ಎರಡನೆಯ ಪ್ರಶ್ನೆ ಕೇಳಿದ್ದರೆ ಏನಾಗುತ್ತಿತ್ತೋ. ಆ ಹುಡುಗಿಯನ್ನು ನಾನು ಮತ್ತೆ ನೋಡಲಿಲ್ಲ. ಮರುವರ್ಷ ಮದುವೆಯಾಯಿತೆಂದು ಯಾರೋ ಹೇಳಿದರು.

ಹೆಂಗಸರ ಮಾತಿನಲ್ಲಿ ಇಂಥ ಸುತ್ತು ಎಷ್ಟಿಲ್ಲ! ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಕುಂಕುಮ ತೀರಿದರೂ ಹೆಚ್ಚಿತು. ಹೊರಡುವಾಗ ‘ಬರ್ತೀನಿ’. ದೀಪವನ್ನು ಆರಿಸದೆ ಶಾಂತ ಮಾಡುತ್ತೇವೆ. ನನ್ನ ತರಗತಿಯಲ್ಲಿ ವಿರುದ್ಧ ಪದಗಳ ಪಾಠ ಮಾಡುವಾಗ ಒಮ್ಮೆ ಒಬ್ಬ ಹುಡುಗಿ, “ಹೆಚ್ಚು ಅಂದ್ರ ಕಡಿಮಿ ಅಂತನೂ ಅರ್ಥ ಐತೇನ್ರಿ?” ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. “ಯಾರು ಅಂದ್ರು, ಯಾವಾಗ ಅಂದ್ರು ಕೇಳು” ಎಂದೆ.

ಕಳೆದ ಬಾರಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಹಾವೇರಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯೊಂದಕ್ಕೆ ಹೋಗಿದ್ದೆ. ಹುಡುಗಿಗೆ ಒಳ್ಳೆಯ ಅಂಕ ಬಂದಿದ್ದವು. ಕಾಲೇಜಿಗೆ ಹಚ್ಚುತ್ತೀರೇನು ಎಂದೆ. ತಾಯಿ ಸೆರಗು ಸರಿಮಾಡಿಕೊಂಡು, “ನೋಡೋಣ್ರಿ ಅಕ್ಕೋರ” ಎಂದಳು. ಚಹಾಕ್ಕೆ ಏಳಹೋದವಳನ್ನು ಕೈ ಹಿಡಿದು ಕೂಡ್ರಿಸಿದೆ.

“ನೋಡೋಣಂತ. ಏನ ನೋಡೂದೈತಿ, ಅದನ್ನ ಹೇಳವಾ ತಂಗಿ.”

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, “ಬಸ್ಸಿಗಿ ಈಗ ಹೆಣ್ಮಕ್ಕಳಿಗೆ ರೊಕ್ಕ ಇಲ್ರಿ. ಆದರ ಸಂಜಿಗಿ ಬಸ್ಸ ಇರಬೇಕಲ್ರಿ. ಕತ್ತಲಾದ ಮ್ಯಾಲೆ ಕೂಡು ರಸ್ತೆದಿಂದ ಒಬ್ಬಾಕಿನ ನಡಕೊಂಡ ಬರಬೇಕು” ಎಂದಳು.

ಹುಡುಗಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅದೇ ಊರಿನಿಂದ ಇನ್ನೂ ಯಾರು ಯಾರು ಪಾಸಾಗಿದ್ದಾರೆ ಎಂದು ಕೇಳಿದೆ. ಅವಳು ಬೆರಳು ಮಡಿಚುತ್ತ ಮೂರು ಹೆಸರು ಹೇಳಿದಳು. ನಾನು ಚೀಲದಿಂದ ನೋಟುಬುಕ್ಕು ತೆಗೆದು ಆ ಹೆಸರುಗಳನ್ನು ಬರೆದುಕೊಂಡು, ಅವರ ಮನೆ ಯಾವ ಕಡೆ ಎಂದು ಕೇಳಿದೆ. ತಾಯಿ ಚಪ್ಪಲಿ ಮೆಟ್ಟಿಕೊಂಡು ತಾನೇ ಮುಂದೆ ಹೊರಟಳು.