ಪಾಯಿನ್‌ಸೆಟಿಯಾ: ಹಬ್ಬದ ನಂತರದ ಆರೈಕೆ

ಪಾಯಿನ್‌ಸೆಟಿಯಾ ಯೂಫೋರ್ಬಿಯೇಸಿ ಕುಟುಂಬಕ್ಕೆ ಸೇರಿದ ಅಲಂಕಾರದ ಪೊದೆಗಿಡ. ಶಾಸ್ತ್ರೀಯ ನಾಮ ಯೂಫೋರ್ಬಿಯ ಪಲ್ಚೆರಿಮ. ಹರಳು, ಮರಗೆಣಸು, ರಬ್ಬರ್ ಮತ್ತು ಬೇಲಿಯ ಕಳ್ಳಿ ಇದೇ ಬಳಗದವು. ಮೆಕ್ಸಿಕೋದ ಪೆಸಿಫಿಕ್ ಕಡೆಯ ಬೆಟ್ಟದ ಇಳಿಜಾರುಗಳಿಂದ ಗ್ವಾಟೆಮಾಲದವರೆಗೆ ಇದು ಕಾಡುಗಿಡ. ಅಲ್ಲಿ 4 ಮೀಟರ್ ಎತ್ತರಕ್ಕೂ ಬೆಳೆಯುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ನರ್ಸರಿಗಳಲ್ಲಿ ಗೇಣುದ್ದದ ಕುಂಡದ ಗಿಡವಾಗಿ ಮಾರಾಟವಾಗುವುದೂ ಇದೇ. ಹಬ್ಬ ಮುಗಿದ ಕೆಲವು ವಾರಗಳಲ್ಲಿ ಬಣ್ಣ ಕಳೆದುಕೊಂಡು ಬೋಳಾಗುವ ಈ ಗಿಡವನ್ನು ಸತ್ತೇಹೋಯಿತೆಂದು ಎಸೆಯುವವರು ಬಹಳ. ಅದು ಸಾಯುತ್ತಿರುವುದಿಲ್ಲ, ವಿಶ್ರಾಂತಿಗೆ ಇಳಿಯುತ್ತಿರುತ್ತದೆ. ಆಗ ಅದನ್ನು ಕೊಲ್ಲುವುದು ಸಾಮಾನ್ಯವಾಗಿ ಅಕ್ಕರೆಯಿಂದ ಹೊಯ್ದ ನೀರು.

ಹೂವೆಂದು ಎಲ್ಲರೂ ಮೆಚ್ಚುವ ಕೆಂಪು ದಳಗಳು ಅಸಲಿಗೆ ಬಣ್ಣ ತಳೆದ ಎಲೆಗಳು. ಸಸ್ಯಶಾಸ್ತ್ರದಲ್ಲಿ ಇವಕ್ಕೆ ಪುಷ್ಪಪತ್ರಗಳೆಂದು ಹೆಸರು. ನಿಜವಾದ ಹೂಗಳು ಇವುಗಳ ನಡುವೆ ಹಳದಿ-ಹಸಿರು ಗುಂಡಿಗಳಂತೆ ಗುಂಪಾಗಿರುತ್ತವೆ. ಕೊಳ್ಳುವವರು ನೋಡಬೇಕಾದದ್ದು ಈ ಗುಂಡಿಗಳನ್ನೇ. ಅವು ಬಿಗಿಯಾಗಿ ಮುಚ್ಚಿದ್ದರೆ ಗಿಡ ಇನ್ನೂ ಎಳೆಯದು, ಬಣ್ಣ ಬಹುದಿನ ನಿಲ್ಲುತ್ತದೆ. ಉದುರಿಹೋಗಿದ್ದರೆ ಪುಷ್ಪಪತ್ರಗಳೂ ಹೆಚ್ಚು ದಿನ ಉಳಿಯುವುದಿಲ್ಲ. ಕೆಂಪಲ್ಲದೆ ಬಿಳಿ, ಕೆನೆ ಮತ್ತು ಗುಲಾಬಿ ಬಣ್ಣದ ತಳಿಗಳೂ ಇವೆ.

ಮೆಕ್ಸಿಕೋದ ನಾವಾ ಜನ ಈ ಗಿಡವನ್ನು ಸ್ಪೇನಿನವರು ಬರುವ ಮೊದಲಿನಿಂದಲೂ ಬಲ್ಲರು. ಪುಷ್ಪಪತ್ರಗಳಿಂದ ಬಣ್ಣ ತೆಗೆಯುತ್ತಿದ್ದರು. ಅಲ್ಲಿ ಇಂದು ಇದು ಕ್ರಿಸ್‌ಮಸ್ ಹಿಂದಿನ ಇರುಳಿನ ಹೂ. ಮೆಕ್ಸಿಕೋದಲ್ಲಿ ಅಮೆರಿಕದ ಮೊದಲ ರಾಯಭಾರಿಯಾಗಿದ್ದ ಜೋಯೆಲ್ ರಾಬರ್ಟ್ಸ್ ಪಾಯಿನ್‌ಸೆಟ್ 1820ರ ದಶಕದಲ್ಲಿ ಇದನ್ನು ತನ್ನ ದೇಶಕ್ಕೆ ಕಳುಹಿಸಿದ. ಗಿಡಕ್ಕೆ ಅವನ ಹೆಸರೇ ಉಳಿಯಿತು. ಅವನು ತೀರಿಕೊಂಡ ಡಿಸೆಂಬರ್ 12 ಅಮೆರಿಕದಲ್ಲಿ ಪಾಯಿನ್‌ಸೆಟಿಯಾ ದಿನ. ಬಯಲಿನ ಗಿಡವನ್ನು ಕುಂಡದ ಸರಕಾಗಿ ಬೆಳೆಸಿದ ಕೀರ್ತಿ ಮುಖ್ಯವಾಗಿ ಕ್ಯಾಲಿಫೋರ್ನಿಯದ ಎಕೆ ಮನೆತನಕ್ಕೆ ಸೇರುತ್ತದೆ. ಕಾಡಿನಲ್ಲಿ ಉದ್ದುದ್ದ ಕೋಲಿನಂತೆ ಬೆಳೆಯುವ ಗಿಡ ಕುಂಡದಲ್ಲಿ ಒತ್ತಾಗಿ ಕವಲೊಡೆಯುವುದಕ್ಕೆ ಕಾರಣ ತಳಿಯ ಗುಣವೊಂದೇ ಅಲ್ಲ. ಅದರ ನಾಳಗಳಲ್ಲಿ ವಾಸಿಸುವ ಫೈಟೋಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಕವಲುಗಳನ್ನು ಹೆಚ್ಚಿಸುತ್ತದೆಂದು 1997ರಲ್ಲಿ ತಿಳಿದುಬಂತು. ಬೇರೆ ಬೆಳೆಗಳಲ್ಲಿ ರೋಗ ತರುವ ಜೀವಿಗಳ ಗುಂಪು ಇದು. ಇಲ್ಲಿ ಬೆಳೆಗಾರನಿಗೆ ನೆಂಟ. ಇದರ ಜೊತೆಗೆ ನರ್ಸರಿಯವರು ಬೆಳವಣಿಗೆ ತಡೆಯುವ ರಾಸಾಯನಿಕವನ್ನೂ ಬಳಸುತ್ತಾರೆ. ಮನೆಯಲ್ಲಿ ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ಸಹಜ ಎತ್ತರಕ್ಕೆ ಹೊರಡುತ್ತದೆ. ಎರಡನೆಯ ವರ್ಷ ಅದೇ ಗಿಡ ಅಂಗಡಿಯಲ್ಲಿದ್ದಂತೆ ಪುಟ್ಟದಾಗಿ ಕಾಣದಿದ್ದರೆ ಆರೈಕೆಯಲ್ಲಿ ತಪ್ಪಿದೆಯೆಂದು ಅರ್ಥವಲ್ಲ.

ಕುಂಡಕ್ಕೆ ಸುತ್ತಿದ ಹೊಳೆಯುವ ಕಾಗದವನ್ನು ಮನೆಗೆ ತಂದ ದಿನವೇ ಬಿಚ್ಚುವುದು ಒಳ್ಳೆಯದು. ನೋಡಲು ಚೆಂದ, ಆದರೆ ನೀರು ಅದರ ತಳದಲ್ಲೇ ನಿಂತು ಬೇರು ಕೊಳೆಯುತ್ತದೆ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತಾಗಿದಾಗ ಮಾತ್ರ ನೀರು ಕೊಡಬೇಕು. ಕೊಟ್ಟರೆ ತಳದ ತೂತಿನಿಂದ ಹರಿದುಹೋಗುವಷ್ಟು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಇಲ್ಲಿ ಒಂದು ತೊಡಕಿದೆ. ನೀರು ಕಡಿಮೆಯಾದರೂ ಎಲೆ ಬಾಡುತ್ತದೆ, ಹೆಚ್ಚಾಗಿ ಬೇರು ಕೊಳೆತರೂ ಬಾಡುತ್ತದೆ. ಆದ್ದರಿಂದ ಬಾಡಿದ ಗಿಡ ಕಂಡೊಡನೆ ತಂಬಿಗೆ ಹಿಡಿಯದೆ ಮೊದಲು ಮಣ್ಣು ಮುಟ್ಟಿ ನೋಡಬೇಕು. ಹಗಲಿನಲ್ಲಿ ಚೆನ್ನಾಗಿ ಬೆಳಕು ಬೀಳುವ ಕಿಟಕಿ ಮತ್ತು 16ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಹಿತ. 10 ಡಿಗ್ರಿಗಿಂತ ಕೆಳಗಿಳಿದರೆ ಎಲೆಗಳು ಹಾಳಾಗುತ್ತವೆ. ಮಾಗಿದ ಹಣ್ಣುಗಳಿಂದ ಹೊರಡುವ ಎಥಿಲೀನ್ ಅನಿಲಕ್ಕೂ ಎಲೆ ಜೋತುಬಿದ್ದು ಉದುರುತ್ತದೆ. ಬಾಳೆಗೊನೆ ತೂಗುಹಾಕಿದ ಮೂಲೆ ಇದಕ್ಕೆ ಸಲ್ಲದು.

ಬಣ್ಣ ಮಾಸಿದ ಮೇಲೆ ನೀರನ್ನು ಇನ್ನಷ್ಟು ಇಳಿಸಬೇಕು. ಮಾರ್ಚ್-ಏಪ್ರಿಲ್ ಹೊತ್ತಿಗೆ ಪ್ರತಿ ಕೊಂಬೆಯಲ್ಲೂ ಮೂರು ನಾಲ್ಕು ಗಿಣ್ಣುಗಳನ್ನು ಬಿಟ್ಟು, ಮಣ್ಣಿನಿಂದ 10-15 ಸೆಂಟಿಮೀಟರ್ ಎತ್ತರಕ್ಕೆ ಸವರುವುದು ವಾಡಿಕೆ. ಕೈ ನಡುಗುವಷ್ಟು ಕಠಿಣವೆನಿಸಿದರೂ ಇಲ್ಲಿ ಕನಿಕರ ತೋರಿದರೆ ಮುಂದೆ ತುದಿಯಲ್ಲಷ್ಟೇ ಎಲೆಯಿರುವ ಬಡಕಲು ಕಡ್ಡಿಗಳೇ ಗತಿ. ಚಿಗುರೊಡೆದ ಮೇಲೆ ಸ್ವಲ್ಪ ದೊಡ್ಡ ಕುಂಡಕ್ಕೆ ಬದಲಾಯಿಸಬೇಕು. ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಬೆರೆಸಿ, ನೀರು ಬೇಗ ಬಸಿಯುವಂತೆ ಒಂದಿಷ್ಟು ಮರಳು ಸೇರಿಸಿದರೆ ಸಾಕು. ಬೆಳೆಯುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ತೆಳುವಾದ ದ್ರವಗೊಬ್ಬರ ಕೊಡಬಹುದು. ಚಿಗುರಿನ ತುದಿಗಳನ್ನು ಆಗಾಗ ಚಿವುಟುತ್ತಿದ್ದರೆ ಗಿಡ ಹರಡಿಕೊಳ್ಳುತ್ತದೆ. ಆದರೆ ಆಗಸ್ಟ್ ಕೊನೆಗೆ ಚಿವುಟುವುದನ್ನು ನಿಲ್ಲಿಸಬೇಕು. ಆಮೇಲೆ ಕಿತ್ತ ಪ್ರತಿ ತುದಿಯೂ ಡಿಸೆಂಬರಿನ ಒಂದು ಕೆಂಪು ಗೊಂಚಲಿನ ನಷ್ಟ.

ಗಿಡ ಮತ್ತೆ ಕೆಂಪಾಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಗೊಬ್ಬರವಲ್ಲ, ಕತ್ತಲೆ. ಸೇವಂತಿಗೆಯಂತೆ ಇದೂ ಹಗಲು ಚಿಕ್ಕದಾದಾಗ ಹೂಬಿಡುವ ಸಸ್ಯ. ಇರುಳು ಸುಮಾರು 12 ಗಂಟೆ ಮುಟ್ಟಿ, ದಿನದಿಂದ ದಿನಕ್ಕೆ ಹಿಗ್ಗುತ್ತಿದ್ದರೆ ಮೊಗ್ಗು ಮೂಡುತ್ತದೆ. ಆ ಕತ್ತಲೆ ಅಖಂಡವಾಗಿರಬೇಕು. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಉರಿದರೂ ಗಿಡ ಅದನ್ನು ಎರಡು ಚಿಕ್ಕ ಇರುಳುಗಳೆಂದೇ ಗ್ರಹಿಸುತ್ತದೆ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುವ ರೈತರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ ಹೂವನ್ನು ಮುಂದೂಡುವುದು ಇದೇ ಗುಟ್ಟಿನಿಂದ. ಅವರು ಬೇಕೆಂದು ಮಾಡುವುದನ್ನೇ ಬೀದಿದೀಪ ಪಾಯಿನ್‌ಸೆಟಿಯಾಗೆ ಬೇಡವೆಂದರೂ ಮಾಡುತ್ತದೆ. ಕಾಂಪೌಂಡಿನ ಪೊದೆಯಲ್ಲಿ ದೀಪದ ಕಡೆಯ ಅರ್ಧ ಹಸಿರಾಗಿಯೇ ಉಳಿದು, ಮರೆಯಲ್ಲಿರುವ ಅರ್ಧ ಕೆಂಪೇರುವುದುಂಟು.

ಬೆಂಗಳೂರಿನಂಥ ಊರುಗಳಲ್ಲಿ ಈ ಕತ್ತಲೆ ಪುಕ್ಕಟೆಯಾಗಿಯೇ ಸಿಗುತ್ತದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲ್ಲಿನ ಇರುಳು 12 ಗಂಟೆಯ ಆಸುಪಾಸಿಗೆ ಬಂದು, ಡಿಸೆಂಬರಿನಲ್ಲಿ ಹನ್ನೆರಡೂವರೆ ಗಂಟೆ ಮೀರುತ್ತದೆ. ದೀಪ ಬೀಳದ ಬಿಸಿಲು ಜಾಗದಲ್ಲಿ ನೆಲಕ್ಕೇ ನೆಟ್ಟರೆ ಬೇರೇನೂ ಬೇಡ, ಗಿಡ ತಲೆಯೆತ್ತರ ಬೆಳೆದು ವರ್ಷವರ್ಷವೂ ತಾನಾಗಿ ಕೆಂಪಾಗುತ್ತದೆ. ಮಡಿಕೇರಿ ಮತ್ತು ಊಟಿಯ ಹಳೆಯ ತೋಟಗಳಲ್ಲಿರುವ ಪೊದೆಗಳಿಗೆ ಕತ್ತಲೆ ಮಾಡಲೆಂದು ಯಾರೂ ಪೆಟ್ಟಿಗೆ ಮುಚ್ಚಿದ್ದಿಲ್ಲ. ಕರಾವಳಿಯಲ್ಲಿ ಮಾತ್ರ ಇನ್ನೊಂದು ಅಡ್ಡಿ: ಇರುಳಿನ ಸೆಕೆ 22 ಡಿಗ್ರಿಗಿಂತ ಇಳಿಯದಿದ್ದರೆ ಮೊಗ್ಗು ತಡವಾಗುತ್ತದೆ, ಬಣ್ಣವೂ ಪೇಲವ.

ಅಮೆರಿಕ ಮತ್ತು ಯೂರೋಪಿನ ಮನೆಗಳಲ್ಲಿ ಕಷ್ಟ ಬೇರೆ. ಅಲ್ಲಿ ಸಂಜೆಯಾಗುತ್ತಲೇ ಮನೆಯೆಲ್ಲ ದೀಪ, ಹೊರಗೆ ಹಿಮ. ಹಾಗಾಗಿ ಬೇಸಿಗೆಯಲ್ಲಿ ಇರುಳಿನ ಉಷ್ಣತೆ 13 ಡಿಗ್ರಿ ಮೇಲಿರುವಷ್ಟು ಕಾಲ ಕುಂಡವನ್ನು ಹೊರಗಿಟ್ಟು, ಅದಕ್ಕಿಂತ ಇಳಿಯುವ ಮೊದಲೇ ಒಳಗೆ ತರುತ್ತಾರೆ. ಅಕ್ಟೋಬರ್ ಮೊದಲ ವಾರದಿಂದ ದಿನವೂ ಸಂಜೆ 5ರಿಂದ ಬೆಳಗ್ಗೆ 8ರವರೆಗೆ ರಟ್ಟಿನ ಪೆಟ್ಟಿಗೆಯಿಂದ ಮುಚ್ಚುವುದು ಅಥವಾ ಬಟ್ಟೆಯ ಕಪಾಟಿನಲ್ಲಿ ಇಡುವುದು ರೂಢಿ. ಹಗಲು ಮಾತ್ರ ಒಳ್ಳೆಯ ಬಿಸಿಲು ಸಿಗಬೇಕು. ಎಂಟು ಹತ್ತು ವಾರ ಈ ನೇಮ ತಪ್ಪದಿದ್ದರೆ ಹಬ್ಬಕ್ಕೆ ಬಣ್ಣ ಬರುತ್ತದೆ. ನವೆಂಬರ್ ಕೊನೆಗೆ ಪುಷ್ಪಪತ್ರಗಳು ಕೆಂಪೇರಿದ್ದರೆ ಮುಚ್ಚುವುದನ್ನು ನಿಲ್ಲಿಸಬಹುದು.

ಸವರಿದ ಕಡ್ಡಿಗಳನ್ನು ಬಿಸಾಡಬೇಕಿಲ್ಲ. ಸುಮಾರು 10 ಸೆಂಟಿಮೀಟರ್ ಉದ್ದದ ಎಳೆಯ ತುದಿಗಳನ್ನು ನೀರಿನಲ್ಲಿ ತೊಳೆದು, ಸೊನೆ ನಿಂತ ಮೇಲೆ ಮರಳು ಬೆರೆತ ಮಣ್ಣಿಗೆ ಚುಚ್ಚಿ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರಕ್ಕೆ ಬೇರು ಬಿಡುತ್ತವೆ. ಫೈಟೋಪ್ಲಾಸ್ಮವೂ ಕಡ್ಡಿಯೊಡನೆ ಬರುವುದರಿಂದ ಮರಿಗಿಡ ತಾಯಿಯಂತೆಯೇ ಕವಲೊಡೆಯುತ್ತದೆ. ಬೀಜದಿಂದ ಬಂದ ಗಿಡಕ್ಕೆ ಈ ಭಾಗ್ಯವಿಲ್ಲ.

ಎಲೆಯ ಅಡಿಯಲ್ಲಿ ಕೂರುವ ಬಿಳಿನೊಣ ಮತ್ತು ಗಿಣ್ಣಿನಲ್ಲಿ ಹತ್ತಿಯಂತೆ ಅಂಟುವ ಹಿಟ್ಟು ತಿಗಣೆ ಸಾಮಾನ್ಯ ಪೀಡೆಗಳು. ಆರಂಭದಲ್ಲೇ ಸಾಬೂನು ನೀರಿನಿಂದ ಒರೆಸಿದರೆ ಹತೋಟಿಗೆ ಬರುತ್ತವೆ. ಈ ಗಿಡ ಮಾರಕ ವಿಷವೆಂಬ ನಂಬಿಕೆ 1919ರಲ್ಲಿ ಹವಾಯಿಯಲ್ಲಿ ಮಗುವೊಂದು ಎಲೆ ತಿಂದು ಸತ್ತಿತೆಂಬ ಸುದ್ದಿಯಿಂದ ಹಬ್ಬಿತು. ಆ ಸುದ್ದಿ ದೃಢಪಡಲಿಲ್ಲ. ಹಾಗೆಂದು ನಿರ್ಲಕ್ಷಿಸುವಂತೆಯೂ ಇಲ್ಲ: ಬಿಳಿ ಸೊನೆ ಕೆಲವರ ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ ತರುತ್ತದೆ, ಎಲೆ ಅಗಿದ ನಾಯಿ ಬೆಕ್ಕುಗಳಿಗೆ ವಾಂತಿಯಾಗಬಹುದು. ಸವರುವಾಗ ಕೈಗವಸು ಹಾಕಿಕೊಳ್ಳಬೇಕು, ಕತ್ತರಿಗೆ ಅಂಟಿದ ಸೊನೆಯನ್ನು ಒಣಗುವ ಮೊದಲೇ ಒರೆಸಬೇಕು.